ಅರವತ್ಮೂರನೇ ಪ್ರಶ್ನೆ

"ಅರವತ್ತೆರಡು. ರಕ್ತ ಹೆಪ್ಪುಗಟ್ಟೋಕೆ ನೆರವಾಗೋದು ಯಾವುದು?"

"ಕಿರುತಟ್ಟೆ. ಪ್ಲೇಟ್‌ಲೆಟ್ ಅಂದ್ರೂ ನಡೆಯುತ್ತೆ."

"ನಡೆಯುತ್ತೋ ಓಡುತ್ತೋ ಅದನ್ನ ನಿನ್ನ ಅತ್ತೆ ಹೇಳಬೇಕು. ಕೀ ಆನ್ಸರ್‌ನಲ್ಲಿ ಕಿರುತಟ್ಟೆ ಅಂತಿದೆ. ಕಿರುತಟ್ಟೆ ಅನ್ನು, ಸಾಕು."

ಮಧ್ಯಾಹ್ನ ಮೂರರಿಂದ ಐದರವರೆಗೆ ಮಾಂಸದಂಗಡಿಗೆ ಅರ್ಧ ಶಟರ್. ಗಿರಾಕಿಗಳಿಲ್ಲದ ಆ ಎರಡು ಗಂಟೆಯಲ್ಲಿ ಅಂಗಡಿಯಕ್ಕ ಕೊರಡು ಉಜ್ಜುತ್ತಾಳೆ, ಕತ್ತಿ ಮಸೆಯುತ್ತಾಳೆ, ಕೊಕ್ಕೆಗಳನ್ನು ಬಿಸಿನೀರಿನಲ್ಲಿ ತೊಳೆಯುತ್ತಾಳೆ. ಒಂದು ವಾರದಿಂದ ಇವುಗಳ ಜೊತೆಗೆ ಇನ್ನೊಂದು ಕೆಲಸ ಸೇರಿಕೊಂಡಿತ್ತು. ಮಗಳನ್ನು ಬೋರಲು ಹಾಕಿದ ಕ್ರೇಟಿನ ಮೇಲೆ ಕೂರಿಸಿ, ಒಂದು ಕೈಯಲ್ಲಿ ಉತ್ತರದ ಹಾಳೆ ಹಿಡಿದು, ಜೀವಶಾಸ್ತ್ರದ ನೂರು ಪ್ರಶ್ನೆಗಳನ್ನು ಕೇಳುವುದು. ಬೀದಿಯವರೆಲ್ಲ ಅವಳನ್ನು ಅಂಗಡಿಯಕ್ಕ ಅಂತಲೇ ಕರೆಯುತ್ತಾರೆ. ಅವಳಪ್ಪನ ಕಾಲದ ಅಂಗಡಿ ಅದು, ಹದಿನೈದು ವರ್ಷದ ಹುಡುಗಿಯಾಗಿದ್ದಾಗಿನಿಂದ ಅವಳು ಅದೇ ಕೊರಡಿನ ಹಿಂದೆ ನಿಂತಿದ್ದಾಳೆ.

ಆ ನೂರು ಪ್ರಶ್ನೆಗಳ ಕಟ್ಟು ಮೇಡಂ ಅವರದು. ಮೇಡಂ ಅಂದರೆ ಅಂಗಡಿಯಕ್ಕನ ಗಂಡನ ಸ್ವಂತ ಅಕ್ಕ, ಮಗಳಿಗೆ ಅತ್ತೆ, ಅದೇ ಬೀದಿಯ ಕೊನೆಯ ಮನೆಯವರು, ಬೀದಿಯಾಚೆಯ ಶಾಲೆಯಲ್ಲಿ ಜೀವಶಾಸ್ತ್ರ ಕಲಿಸುವವರು. ಮದುವೆಯಾಗಿ ಹದಿನೇಳು ವರ್ಷವಾದರೂ ಅಂಗಡಿಯಕ್ಕನ ಬಾಯಲ್ಲಿ ಅವರು ಇನ್ನೂ ಮೇಡಮ್ಮೇ, ಅತ್ತಿಗೆ ಆಗಲಿಲ್ಲ. ಆಗಲು ಅವರೂ ಬಿಡಲಿಲ್ಲ. ಅವರ ತಮ್ಮ ಅಂಗಡಿಯಕ್ಕನನ್ನು ಮದುವೆಯಾದಾಗ ಅವರು ನೆಂಟರ ಮುಂದೆಲ್ಲ ಹೇಳಿದ ಮಾತು ಒಂದೇ: "ಅರ್ಧ ಕಿಲೋ ತರ್ತೀನಿ ಅಂತ ಹೋದವನು, ತಾನೇ ಅಲ್ಲಿ ಉಳ್ಕೊಂಡ." ನೆಂಟರು ನಕ್ಕರು. ತಮ್ಮನೂ ನಕ್ಕ. ಅವನು ಎಲ್ಲದಕ್ಕೂ ನಗುವ ಆಸಾಮಿ, ಅವನ ವಿಷಯ ಬಿಡಿ.

ನಾಳೆ ಪರೀಕ್ಷೆ. ನೂರರಲ್ಲಿ ಇಪ್ಪತ್ತೈದು ಪ್ರಶ್ನೆಗಳನ್ನು ಮೇಡಂ ಆರಿಸಿ ಕೊಡುತ್ತಾರೆ, ಒಂದೊಂದಕ್ಕೆ ಎರಡು ಅಂಕ. ಐವತ್ತಕ್ಕೆ ನಲವತ್ತು ಬಂದರೆ ಮುಂದಿನ ವರ್ಷ ವಿಜ್ಞಾನದ ಸೆಕ್ಷನ್, ಬರದಿದ್ದರೆ ಇಲ್ಲ. ಮೊನ್ನೆಯ ಅಭ್ಯಾಸ ಪರೀಕ್ಷೆಯಲ್ಲಿ ಮಗಳಿಗೆ ಮೂವತ್ತೆಂಟು ಬಂದಿತ್ತು. ಮೇಡಂ ಆ ಹಾಳೆಯನ್ನು ತಮ್ಮನ ಕೈಗೆ ಕೊಟ್ಟು, "ವಿಜ್ಞಾನ ಎಲ್ಲರ ತಲೆಗೂ ಹತ್ತಲ್ಲ ಕಣೋ. ಅವಳಮ್ಮನಿಗೂ ಹತ್ತಿರಲಿಲ್ಲ" ಅಂದಿದ್ದರಂತೆ. ಅದನ್ನು ಗಂಡ ಮನೆಗೆ ಬಂದು ಹಾಗೇ ಒಪ್ಪಿಸಿದ್ದ.

"ಅರವತ್ಮೂರು. ಹೃದಯದ ಚಿತ್ರ ನೋಡು. 'ಗ' ಅಂತ ಗುರುತು ಹಾಕಿರೋ ಭಾಗ ಯಾವುದು?"

ಮಗಳು ಚಿತ್ರ ನೋಡಲೇ ಇಲ್ಲ. "ಎಡ ಹೃತ್ಕುಕ್ಷಿ. ಕೆಳಗಿನ ಎಡ ಕೋಣೆ."

"ಬಲ."

"ಎಡ ಅಮ್ಮ."

"ಇಲ್ಲಿ ಬಲ ಅಂತಿದೆ. ಅಭ್ಯಾಸದಲ್ಲೂ ಇದಕ್ಕೇ ಕೆಂಪು ಗೆರೆ ಬಿದ್ದಿದೆ ನೋಡು. ಮೂವತ್ತೆಂಟಕ್ಕೆ ಎರಡು ಸೇರಿದ್ರೆ ನಲವತ್ತು. ಅಷ್ಟೂ ಲೆಕ್ಕ ಬರಲ್ವಾ ನಿಂಗೆ? ಈ ಪ್ರಶ್ನೆ ಪ್ರತಿ ವರ್ಷ ಬರುತ್ತೆ. ಬಲ ಅಂತ ಬರಿ, ಎರಡು ಅಂಕ ತಗೋ, ಮುಂದಕ್ಕೆ ಹೋಗು."

"ಹೇಗೆ ಬರೀಲಿ? 'ಗ' ಇರೋ ಕಡೆ ಗೋಡೆ ದಪ್ಪ ಬಿಡಿಸಿದಾರೆ. ದಪ್ಪ ಇರೋದು ಎಡ. ನೀನೇ ತಾನೆ ತೋರಿಸಿದ್ದು, ಈ ಕೊರಡಿನ ಮೇಲೇ?"

"ಕ್ಲಾಸಿನಲ್ಲಿ ಉಳಿದವರು ಬರೆಯಲ್ವಾ?"

"ಅವರು ಗೋಡೆ ಗೀಡೆ ನೋಡಲ್ಲ. ಎದುರಿಗೆ ನಿಂತವರ ಹೃದಯ ಇದ್ದ ಹಾಗೆ, ಚಿತ್ರದ ಎಡಗಡೆ ಇರೋದೆಲ್ಲ ಬಲ, ಬಲಗಡೆ ಇರೋದೆಲ್ಲ ಎಡ ಅಂತ ಉರು ಹೊಡೆದಿದಾರೆ. ಅತ್ತೆ ಹಾಗೇ ಹೇಳ್ಕೊಟ್ಟಿರೋದು."

"ನೀನೂ ಉರು ಹೊಡಿ!"

"ತಪ್ಪು ಅಂತ ಗೊತ್ತಿದ್ದೂನಾ?"

ಅಂಗಡಿಯಕ್ಕ ಕೈಯಲ್ಲಿದ್ದ ಒರೆಸುವ ಬಟ್ಟೆಯನ್ನು ಮಗಳ ಮೇಲೆ ಬೀಸಿದಳು. ಅದು ಹುಡುಗಿಯ ಮುಖಕ್ಕೆ ಬಡಿಯಿತು. ಕ್ಯಾಷ್ ಪೆಟ್ಟಿಗೆ ಹತ್ತಿರ ಕೂತು ತೂಕಡಿಸುತ್ತಿದ್ದ ಗಂಡ ಕಣ್ಣು ಬಿಟ್ಟು, "ಏ, ಏ, ಏನಾಯ್ತು?" ಅಂದ.

ಹೊಡೆದದ್ದಕ್ಕೆ ಕಾರಣ ಮಗಳ ಹಟವಲ್ಲ. ಅದು ಅಂಗಡಿಯಕ್ಕನಿಗೂ ಗೊತ್ತಿತ್ತು.

ಇಪ್ಪತ್ನಾಲ್ಕು ವರ್ಷದ ಹಿಂದೆ, ಇದೇ ಕಟ್ಟಿನ ಇದೇ ಅರವತ್ಮೂರನೇ ಪ್ರಶ್ನೆಗೆ ಅವಳೂ ಇದೇ ಉತ್ತರ ಬರೆದಿದ್ದಳು. ಬರೆದು ಸುಮ್ಮನಿರದೆ, ಕೇಳದೆ ಇದ್ದರೂ ಕಾರಣ ಬೇರೆ ಸೇರಿಸಿದ್ದಳು: "ಗೋಡೆ ದಪ್ಪ ಇದೆ, ಮುಟ್ಟಿದರೆ ಗೊತ್ತಾಗುತ್ತದೆ." ಅಪ್ಪನ ಅಂಗಡಿಯಲ್ಲಿ ಕುರಿಯ ಹೃದಯ ಅವಳ ಕೈಗೆ ಆಟದ ಸಾಮಾನಾಗಿತ್ತು. ಹೆಬ್ಬೆರಳಲ್ಲಿ ಒತ್ತಿದರೆ ಒಂದು ಕಡೆ ಗಟ್ಟಿ, ಒಂದು ಕಡೆ ಮೆತ್ತಗೆ. ಗಟ್ಟಿ ಕಡೆ ಎಡ, ಕಣ್ಣು ಮುಚ್ಚಿಯೂ ಹೇಳುತ್ತಿದ್ದಳು. ಆಗಿನ್ನೂ ಹೊಸದಾಗಿ ಕೆಲಸಕ್ಕೆ ಸೇರಿದ್ದ ಮೇಡಂ ಆ ಸಾಲನ್ನು ಇಡೀ ತರಗತಿಗೆ ಗಟ್ಟಿಯಾಗಿ ಓದಿ ಹೇಳಿದ್ದರು. "ಮುಟ್ಟಿದರೆ ಗೊತ್ತಾಗುತ್ತದಂತೆ! ಇದು ಮಾಂಸದಂಗಡಿ ಅಲ್ಲಮ್ಮ, ಜೀವಶಾಸ್ತ್ರ." ಐವತ್ತು ಜನ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ವರ್ಷ ಜೀವಶಾಸ್ತ್ರದಲ್ಲಿ ಅವಳಿಗೆ ಬಂದದ್ದು ಮೂವತ್ನಾಲ್ಕು. ಪಾಸಾಗಲು ಮೂವತ್ತೈದು ಬೇಕಿತ್ತು.

ಅಪ್ಪ ಬೈಯಲಿಲ್ಲ. "ಓದು ನಮಗೆ ಒಗ್ಗಲ್ಲ ಬಿಡಮ್ಮ" ಅಂತ ಏಪ್ರನ್ ಕೊಟ್ಟ, ಅಷ್ಟೇ. ಅವಳೂ ಅದನ್ನು ನಂಬಿದಳು. ಬೆರಳಿಗೆ ಗೊತ್ತಿದ್ದದ್ದು ಸುಳ್ಳು, ಮೇಡಂ ಹೇಳಿದ್ದು ನಿಜ, ತಾನು ದಡ್ಡಿ. ಇಷ್ಟು ವರ್ಷ ಮನೆಯಲ್ಲಿ ಯಾರು ಏನು ಚರ್ಚೆ ಮಾಡಿದರೂ ಅವಳು "ನಂಗೇನು ಗೊತ್ತು, ನಾನು ಓದಿದವಳಲ್ಲ" ಅಂತ ತಟ್ಟೆ ಎತ್ತಿಕೊಂಡು ಒಳಗೆ ಹೋಗುತ್ತಿದ್ದಳು.

ಮಗಳು ಅಳಲಿಲ್ಲ. ಮುಖ ಒರೆಸಿಕೊಂಡು, ಮೂಗು ಅರಳಿಸಿಕೊಂಡು ಕೂತಿದ್ದಳು. ಬಟ್ಟೆ ಬೀಸಿದ ರಭಸಕ್ಕೆ ಪ್ರಶ್ನೆಯ ಹಾಳೆ ಕ್ರೇಟಿನಿಂದ ಜಾರಿ, ಆಗಷ್ಟೇ ಕೆರೆದು ಗುಡ್ಡೆ ಹಾಕಿದ್ದ ಕೊಬ್ಬಿನ ಮೇಲೆ ಬೋರಲು ಬಿದ್ದಿತ್ತು. ಅಂಗಡಿಯಕ್ಕ ಹಲ್ಲು ಕಡಿಯುತ್ತ ಅದನ್ನು ಎತ್ತಿದಳು. ಜಿಡ್ಡು ಹೀರಿಕೊಂಡ ಕಾಗದ ಎಣ್ಣೆ ಬಿದ್ದ ಪೊಟ್ಟಣದ ಹಾಗೆ ಪಾರದರ್ಶಕವಾಗಿತ್ತು. ಒರೆಸಲೆಂದು ಶಟರಿನ ಬೆಳಕಿಗೆ ಹಿಡಿದಳು, ಹಿಂಬದಿ ತನ್ನ ಕಡೆಗಿತ್ತು.

ಖಾಲಿ ಹಿಂಬದಿಯಲ್ಲಿ ಹೃದಯ ಮೂಡಿತ್ತು. ದಪ್ಪ ಗೋಡೆ ಎಲ್ಲಿರಬೇಕೋ ಅಲ್ಲಿತ್ತು, ಚಿತ್ರದ ಬಲಗಡೆ.

"ನಿನ್ನ ಪಠ್ಯಪುಸ್ತಕ ತೆಗಿ" ಅಂದಳು.

"ಯಾಕೆ, ಅದರಲ್ಲೂ ಹೊಡೀತೀಯಾ?"

"ತೆಗಿ ಅಂದೆ."

ಪುಸ್ತಕದ ಹೃದಯವನ್ನೂ ಹಾಳೆಯ ಹಿಂಬದಿಯ ಹೃದಯವನ್ನೂ ಪಕ್ಕದಲ್ಲಿ ಇಟ್ಟರು. ಒಂದೇ. ಅದೇ ಬಾಗು, ಅದೇ ಮೇಲೆದ್ದ ಮಹಾಪಧಮನಿ, ಕೆಳಗಿನ ತುದಿಯಲ್ಲಿ ಅದೇ ಸಣ್ಣ ತಿರುವು. ಹಾಳೆಯನ್ನು ಮುಂದಕ್ಕೆ ತಿರುಗಿಸಿದರೆ ಎಲ್ಲ ಅದಲು ಬದಲು. ಚಿತ್ರ ಕನ್ನಡಿಯೊಳಗಿನದು, ಉತ್ತರ ಮಾತ್ರ ಪುಸ್ತಕದ್ದು. ಇಪ್ಪತ್ತೈದು ವರ್ಷದಿಂದ ಜೆರಾಕ್ಸ್ ಮೇಲೆ ಜೆರಾಕ್ಸ್ ಆಗಿ ಹಂಚಿಹೋದ ಕಟ್ಟಿನಲ್ಲಿ ಅದನ್ನು ಒಬ್ಬರೂ ನೋಡಿರಲಿಲ್ಲ. ನೋಡಿದ ಒಬ್ಬಳನ್ನು ನಗೆಗೀಡು ಮಾಡಿ ಕೂರಿಸಿದ್ದರು.

ಅಂಗಡಿಯಕ್ಕ ತಂಪುಪೆಟ್ಟಿಗೆ ತೆಗೆದು ಬೆಳಗಿನ ಕುರಿಯ ಹೃದಯವೊಂದನ್ನು ಸ್ಟೀಲ್ ಡಬ್ಬಿಗೆ ಹಾಕಿದಳು. ಸಣ್ಣ ಚಾಕುವನ್ನು ಬಟ್ಟೆಯಲ್ಲಿ ಸುತ್ತಿದಳು. ಜಿಡ್ಡಿನ ಹಾಳೆ, ಕೀ ಆನ್ಸರ್ ಎರಡನ್ನೂ ಕಂಕುಳಲ್ಲಿ ಇರುಕಿಕೊಂಡಳು.

ಗಂಡನಿಗೆ ಈಗ ಪೂರ್ತಿ ಎಚ್ಚರವಾಯಿತು. "ಎಲ್ಲಿಗೆ?"

"ನಿಮ್ಮಕ್ಕನ ಮನೆಗೆ."

"ಚಾಕು ಯಾಕೆ?"

"ಪಾಠ ಹೇಳಿಸ್ಕೊಳ್ಳೋಕೆ."

"ನೋಡು, ಈ ವರ್ಷ ಅಕ್ಕ ರಿಟೈರ್ ಆಗ್ತಾಳೆ. ಇನ್ನು ಮೂರು ತಿಂಗಳು. ಕಾಲು ಕೆರೆದು ಜಗಳಕ್ಕೆ ಹೋಗಬೇಡ. ಮಗಳ ಭವಿಷ್ಯ ಅವಳ ಕೈಯಲ್ಲಿದೆ."

"ಹದಿನೇಳು ವರ್ಷದಿಂದ ಬಾಯಿಗೆ ಬೀಗ ಹಾಕ್ಕೊಂಡಿದ್ದೆ. ನಿಮಗೆ ಒಂದು ಸಲನಾದ್ರೂ ಬೇಜಾರಾಯ್ತಾ? ಅವರು ನಕ್ರು, ನೀವೂ ನಕ್ರಿ. ಈಗ ಅಂಗಡಿ ನೋಡ್ಕೊಳ್ಳಿ."

ಅವನು ನಗಲು ಹೋದ. ಮುಖ ಒಪ್ಪಲಿಲ್ಲ.

ಮೇಡಂ ಮನೆಯ ಮುಂದಿನ ಕೋಣೆಯಲ್ಲಿ ಎಂಟು ಮಕ್ಕಳು ಎರಡು ಬೆಂಚಿನಲ್ಲಿ ಎದುರುಬದುರು ಕೂತು, ಹೋಮ್‌ವರ್ಕ್ ಪುಸ್ತಕ ಅದಲು ಬದಲು ಮಾಡಿಕೊಂಡು ತಿದ್ದುತ್ತಿದ್ದರು. ಮೇಡಂ ಅವರ ಪದ್ಧತಿ ಅದು. ಕೀ ಆನ್ಸರ್ ನೋಡಿ ಒಬ್ಬರದನ್ನೊಬ್ಬರು ತಿದ್ದಬೇಕು, ಅವರು ಕೊನೆಗೆ ಸಹಿ ಹಾಕುತ್ತಾರೆ. ಗೋಡೆಯ ಮೇಲೆ ಹೂವಿನ ಅಡ್ಡಕೊಯ್ತದ ಚಾರ್ಟು, ಕಿಟಕಿಯ ಪಕ್ಕ ಒಂದು ಮೇಜು, ಮೇಜಿನ ಹಿಂದೆ ಬೆನ್ನು ನೆಟ್ಟಗೆ ಮಾಡಿಕೊಂಡ ಮೇಡಂ.

"ಏನಿದು ಅವತಾರ? ಏಪ್ರನ್ ಬಿಚ್ಚಿಡೋಕೂ ಪುರುಸೊತ್ತಿಲ್ವಾ?"

"ಇಲ್ಲ ಮೇಡಂ. ಐದಕ್ಕೆ ಶಟರ್ ತೆಗೀಬೇಕು."

"ಮಕ್ಕಳಿದಾರೆ. ವಾಸನೆ ಬರುತ್ತೆ. ಏನಿದ್ರೂ ಆಮೇಲೆ ಮಾತಾಡೋಣ."

"ಬರ್ಲಿ. ಜೀವಶಾಸ್ತ್ರ ತಾನೆ, ಸ್ವಲ್ಪ ವಾಸನೆ ಬರುತ್ತೆ." ಅವಳು ಡಬ್ಬಿಯನ್ನು ಮೇಜಿನ ಮೇಲೆ ಕುಕ್ಕಿ ಮುಚ್ಚಳ ತೆಗೆದಳು. "ಇದರಲ್ಲಿ ಎಡ ಹೃತ್ಕುಕ್ಷಿ ಯಾವುದು, ತೋರಿಸಿ."

ಮಕ್ಕಳ ಪೆನ್ನು ನಿಂತವು. ಅಮ್ಮನ ಹಿಂದೆಯೇ ಬಂದಿದ್ದ ಮಗಳು ಬಾಗಿಲಲ್ಲೇ ನಿಂತಳು.

"ನನ್ನನ್ನ ಪರೀಕ್ಷೆ ಮಾಡೋಕೆ ಬಂದೆಯಾ?" ಮೇಡಂ ದನಿ ಏರಿಸಲಿಲ್ಲ. ಅವರು ದನಿ ಏರಿಸದೆಯೇ ಕುಟುಕುವವರು. "ಎರಡು ಅಂಕ ಬೇಕಾದ್ರೆ ಮಗಳಿಗೆ ಓದಿಸು. ಹೀಗೆ ಬೀದಿ ರಂಪ ಮಾಡಿದ್ರೆ ಅಂಕ ಉದುರಲ್ಲ. ನಿನಗಂತೂ ಆಗಲಿಲ್ಲ, ಅವಳನ್ನಾದ್ರೂ ಮನುಷ್ಯಳನ್ನಾಗಿ ಮಾಡು."

"ಮುಟ್ಟಿ ನೋಡಿ ಮೇಡಂ."

"ಎತ್ತು ಇದನ್ನ."

"ಮುಟ್ಟಿದರೆ ಗೊತ್ತಾಗುತ್ತೆ."

ಆ ಮಾತಿಗೆ ಮೇಡಂ ಕಣ್ಣು ಒಂದು ಸಲ ಮಿಟುಕಿತು. ಕೈ ಮುಂದೆ ಬರಲಿಲ್ಲ. ಇಪ್ಪತ್ತೈದು ವರ್ಷ ಹೃದಯ ಕಲಿಸಿದ ಆ ಕೈ ಹೃದಯವನ್ನು ಮುಟ್ಟಿರಲಿಲ್ಲ. ಶಾಲೆಯಲ್ಲಿ ಒಂದು ಸೀಸೆಯೊಳಗೆ ಹೃದಯವಿತ್ತು, ಅದರ ಮುಚ್ಚಳ ತುಕ್ಕು ಹಿಡಿದು ಕೂತು ಎಷ್ಟೋ ವರ್ಷವಾಗಿತ್ತು.

ಬೆಂಚಿನ ತುದಿಯ ಕನ್ನಡಕದ ಹುಡುಗಿ ಎದ್ದು ಬಂದು, ಯಾರೂ ಕೇಳದೆಯೇ ಬೆರಳಿಂದ ಒತ್ತಿದಳು. "ಈ ಕಡೆ ಮೆತ್ತಗಿದೆ. ಈ ಕಡೆ ಗಟ್ಟಿ, ಮಿಸ್."

ಅಂಗಡಿಯಕ್ಕ ಚಾಕು ಬಿಚ್ಚಿ ಅಡ್ಡಲಾಗಿ ಒಂದೇ ಎಳೆತಕ್ಕೆ ಕೊಯ್ದಳು. ಒಂದು ಕೋಣೆಯ ಗೋಡೆ ಹೆಬ್ಬೆರಳಿನಷ್ಟು ದಪ್ಪ, ಇನ್ನೊಂದರದು ಅದರ ಕಾಲು ಭಾಗವೂ ಇಲ್ಲ. ಅವಳು ಮಕ್ಕಳ ಕಡೆ ತಿರುಗಿದಳು. "ನಲವತ್ತೊಂದನೇ ಪ್ರಶ್ನೆ. ಅತ್ಯಂತ ದಪ್ಪ ಗೋಡೆ ಇರುವ ಕೋಣೆ ಯಾವುದು?"

"ಎಡ ಹೃತ್ಕುಕ್ಷಿ!" ಎಂಟು ಬಾಯಿ ಒಟ್ಟಿಗೆ ಅಂದವು. ಪ್ರಶ್ನೆ ಯಾರು ಕೇಳಿದರೇನು, ಉತ್ತರ ಬಾಯಿಯ ತುದಿಯಲ್ಲೇ ಇತ್ತು.

"ಅರವತ್ಮೂರು. ಚಿತ್ರದಲ್ಲಿ 'ಗ' ಅಂತ ಇರೋದು, ಆ ದಪ್ಪ ಗೋಡೆಯ ಕೋಣೆ?"

"ಬಲ ಹೃತ್ಕು..."

ಕೋರಸ್ಸು ಅರ್ಧದಲ್ಲೇ ಮುರಿಯಿತು. ಒಬ್ಬ ಹುಡುಗ ಕಟ್ಟಿನ ಪುಟ ಹಿಂದೆ ಮುಂದೆ ತಿರುವಿದ. ಇನ್ನೊಬ್ಬಳು ತಲೆಯನ್ನು ಓರೆ ಮಾಡಿ ಚಿತ್ರ ನೋಡಿದಳು. ಅಂಗಡಿಯಕ್ಕ ಜಿಡ್ಡಿನ ಹಾಳೆಯನ್ನು ಬೋರಲಾಗಿ ಕಿಟಕಿಯ ಗಾಜಿಗೆ ಒತ್ತಿದಳು. ಹಾಳೆ ಅಂಟು ಬೇಕಿಲ್ಲದೆ ಅಲ್ಲೇ ನಿಂತಿತು.

ಮೇಡಂ ಅದನ್ನು ನೋಡಿದರು. ಎದ್ದು ಹತ್ತಿರ ಹೋದರು, ಕನ್ನಡಕ ಮೇಲೆತ್ತಿ ನೋಡಿದರು, ಕನ್ನಡಕ ಇಳಿಸಿ ನೋಡಿದರು.

"ಮಕ್ಕಳೇ, ಐದು ನಿಮಿಷ ಹೊರಗಿರಿ."

ಮಕ್ಕಳು ಹೋದರು. ಅಂಗಡಿಯಕ್ಕನ ಮಗಳು ಹೋಗಲಿಲ್ಲ, ಹೋಗು ಅಂತ ಯಾರೂ ಹೇಳಲೂ ಇಲ್ಲ.

"ಟ್ರೇಸಿಂಗ್ ಪೇಪರ್" ಅಂದರು ಮೇಡಂ, ಕಿಟಕಿಯ ಕಡೆಗೇ ಮುಖ ಮಾಡಿ. "ಆಗ ಪ್ರತಿ ತೆಗೆಯೋಕೆ ಸ್ಟೆನ್ಸಿಲ್ ಕೊರೀಬೇಕಿತ್ತು. ಪುಸ್ತಕದ ಚಿತ್ರಾನ ಟ್ರೇಸಿಂಗ್ ಪೇಪರಿನಲ್ಲಿ ತೆಗೆದು, ಅದನ್ನ ಸ್ಟೆನ್ಸಿಲ್ ಮೇಲೆ ಕವುಚಿ ಹಾಕಿ ಉಜ್ಜಿದ್ದೆ, ಗೆರೆ ಮೂಡಲಿ ಅಂತ. ಮೂರು ದಿನ ಕೂತು ಮಾಡಿದ್ದೆ. ಕೆಲಸಕ್ಕೆ ಸೇರಿದ ಹೊಸತು."

"ಕವುಚಿ ಹಾಕಿದ್ರಿ."

"ಆಯ್ತು. ತಪ್ಪಾಗಿದೆ. ನಾಳೆ ತಿದ್ದಿ ಕೊಡ್ತೀನಿ. ನಿನ್ನ ಮಗಳ ಎರಡು ಅಂಕ ಈಗಲೇ ಹಾಕ್ತೀನಿ, ತಗೋ, ಸಮಾಧಾನ ಆಯ್ತಾ? ಹೋಗು ಇನ್ನು."

"ಅವಳ ಅಂಕ ನೀವು ಕೊಡೋದಲ್ಲ, ಅವಳದ್ದೇ. ನಂದು?"

ಮೇಡಂ ತಿರುಗಿದರು. ಹಳೆಯ ಗತ್ತು ಮುಖಕ್ಕೆ ಮರಳಿ ಬರುತ್ತಿತ್ತು. "ನಿಂದೇನು? ಯಾವ ಕಾಲದ ಮಾತು ಅದು? ಫೇಲಾದವರೆಲ್ಲ ಬಂದು ನಾನು ಸರಿಯಾಗೇ ಬರೆದಿದ್ದೆ ಅಂತಾರೆ. ಹಾಳೆ ಇದೆಯಾ? ಪುರಾವೆ ಇದೆಯಾ? ಎರಡು ಅಂಕ ಇಟ್ಕೊಂಡು ಈಗ ಏನು ಮಾಡ್ತೀಯಾ, ತಕ್ಕಡಿಗೆ ಹಾಕ್ತೀಯಾ?"

ಅಂಗಡಿಯಕ್ಕನಿಗೆ ಬಾಯಿಗೆ ಬಂದದ್ದನ್ನು ಅಂದುಬಿಡಬೇಕು ಅನ್ನಿಸಿತು, ಅಷ್ಟು ವರ್ಷ ಕೂಡಿಟ್ಟ ಬೈಗುಳ ಒಂದೆರಡಲ್ಲ. ಆದರೆ ಗಂಟಲಿಂದ ಹೊರಟದ್ದು ಬೇರೆಯೇ.

"ಐವತ್ತು ಜನರ ಮುಂದೆ ಓದಿ ನಗಿಸಿದ್ರಿ ಮೇಡಂ. ನಾನು ದಡ್ಡಿ ಅಂತ ನಂಬ್ಕೊಂಡು ಬದುಕಿಬಿಟ್ಟೆ. ಈ ಹುಡುಗಿ ಹೋಮ್‌ವರ್ಕ್‌ಗೆ ಸಹಾಯ ಮಾಡಮ್ಮ ಅಂದಾಗೆಲ್ಲ ನಂಗೆ ಭಯ. ಇವತ್ತು ಇವಳಿಗೂ ಹೊಡೆದೆ, ಸರಿಯಾದ ಉತ್ತರ ಹೇಳಿದ್ದಕ್ಕೆ."

ಮೇಡಂ ಮೇಜಿನ ಮೇಲಿನ ಕೆಂಪು ಪೆನ್ನು ಎತ್ತಿಕೊಂಡರು, ಮತ್ತೆ ಇಟ್ಟರು. ಆಮೇಲೆ ಕೇಳಿದರು: "ಎಷ್ಟು ಮಕ್ಕಳಿಗೆ ಹೀಗಾಗಿರಬಹುದು?"

"ನಂಗೆ ಗೊತ್ತಿರೋದು ಒಬ್ಬಳು."

ಗೋಡೆಯ ಗಡಿಯಾರ ಐದಕ್ಕೆ ಹತ್ತು ನಿಮಿಷ ತೋರಿಸುತ್ತಿತ್ತು. ಮೇಡಂ ಬಾಗಿಲ ತನಕ ನಡೆದು ಮಕ್ಕಳನ್ನು ಒಳಗೆ ಕರೆದರು. ಅವರು ಮತ್ತೆ ಬೆಂಚಿನಲ್ಲಿ ಕೂರುವವರೆಗೂ ಕಾದರು.

"ಬರ್ಕೊಳ್ಳಿ. ಅರವತ್ಮೂರು. ಕೀ ಆನ್ಸರ್‌ನಲ್ಲಿರೋದು ಹೊಡೆದು ಹಾಕಿ." ಅವರ ದನಿ ತರಗತಿಯ ದನಿಯೇ, ಒಂದೊಂದು ಪದಕ್ಕೂ ನಡುವೆ ಬರೆಯಲು ಜಾಗ ಬಿಡುವ ದನಿ. "ಎಡ ಹೃತ್ಕುಕ್ಷಿ. ಗೋಡೆ ದಪ್ಪ ಇದೆ. ಮುಟ್ಟಿದರೆ ಗೊತ್ತಾಗುತ್ತದೆ."

ಆ ಸಾಲು ಮೇಡಂ ಅವರಿಗೆ ನೆನಪಿತ್ತು. ಅಕ್ಷರ ಅಕ್ಷರವೂ ನೆನಪಿತ್ತು. ಮರೆತಿದ್ದರೆ ಒಂದು ಮಾತು. ನೆನಪಿಟ್ಟುಕೊಂಡೇ, ಹದಿನೇಳು ವರ್ಷ ಒಂದೇ ಮನೆತನದಲ್ಲಿ ಎದುರಿಗೆ ಓಡಾಡಿಕೊಂಡಿದ್ದರು.

"ಮಿಸ್, ಇದು ಯಾವ ಪುಸ್ತಕದ್ದು?" ಕನ್ನಡಕದ ಹುಡುಗಿ ಕೇಳಿದಳು.

ಮೇಡಂ ಬಾಯಿ ತೆರೆದರು. ಹೇಳುತ್ತಾರೋ ಇಲ್ಲವೋ ಅಂತ ಅಂಗಡಿಯಕ್ಕ ಕಾದಳು.

"ಪುಸ್ತಕದ್ದಲ್ಲ. ನನ್ನ ಒಬ್ಬ ವಿದ್ಯಾರ್ಥಿನಿ ಬರೆದದ್ದು" ಅಂದರು ಮೇಡಂ. ಅಲ್ಲೇ ನಿಂತವಳ ಕಡೆ ಕೈ ತೋರಿಸಲಿಲ್ಲ. ತೋರಿಸಲು ಅವರಿಂದ ಆಗಲಿಲ್ಲ.

"ಆಮೇಲೆ ಅವಳು ಏನಾದ್ಲು ಮಿಸ್?"

ಅಂಗಡಿಯಕ್ಕ ಚಾಕುವನ್ನು ಏಪ್ರನ್ನಿಗೆ ಒರೆಸಿ ಬಟ್ಟೆಯಲ್ಲಿ ಸುತ್ತಿದಳು. "ನಾನೇ ಅದು" ಅಂದಳು ಮಕ್ಕಳಿಗೆ. "ಮೂವತ್ತಾರು ಅಂಕ. ಪಾಸು." ಡಬ್ಬಿ, ಹಾಳೆ, ಕೀ ಆನ್ಸರ್ ಎಲ್ಲವನ್ನೂ ಅಲ್ಲೇ ಬಿಟ್ಟು ಹೊರಬಿದ್ದಳು.

ಬೀದಿಯಲ್ಲಿ ನಡೆಯುವಾಗ ಹಗುರ ಆಗಬೇಕಿತ್ತು, ಆಗಲಿಲ್ಲ. ದಡ್ಡಿ ಅಂದುಕೊಂಡಿದ್ದಾಗ ಕೋಪ ಮಾಡಿಕೊಳ್ಳಲು ಯಾರೂ ಇರಲಿಲ್ಲ, ತಪ್ಪು ತನ್ನದೇ, ಮುಗಿಯಿತು. ಈಗ ಕೋಪ ಬಂದಿದೆ, ಇಪ್ಪತ್ನಾಲ್ಕು ವರ್ಷದ್ದು ಒಟ್ಟಿಗೆ ಬಂದಿದೆ, ಹಾಕಲು ಜಾಗವಿಲ್ಲ. ಮೇಡಂ ಮೇಲೆ ಹಾಕಿದರೂ ಮಿಗುತ್ತದೆ. ಅಪ್ಪ ಇಲ್ಲ. ಗಂಡನ ಮೇಲೆ ಹಾಕಿದರೆ ಅವನು ನಗುತ್ತಾನೆ.

ಅಂಗಡಿಯ ಮುಂದೆ ಇಬ್ಬರು ಗಿರಾಕಿಗಳು ನಿಂತಿದ್ದರು. ಗಂಡ ಶಟರ್ ಪೂರ್ತಿ ಎತ್ತಿ, ಹೆಂಡತಿಯ ಮುಖ ನೋಡಿ, ಏನೂ ಕೇಳದೆ ಪಕ್ಕಕ್ಕೆ ಸರಿದ. ಅವಳು ಕೊರಡಿನ ಹಿಂದೆ ನಿಂತು ದೊಡ್ಡ ಕತ್ತಿ ಎತ್ತಿಕೊಂಡಳು.

ಮಗಳು ಕ್ರೇಟಿನ ಮೇಲೆ ಕೂತಳು. ಕೆನ್ನೆಯ ಮೇಲೆ ಬಟ್ಟೆ ಬಡಿದ ಕೆಂಪು ಇನ್ನೂ ಇತ್ತು. "ಅಮ್ಮ, ಇನ್ನೂ ಮೂವತ್ತೇಳು ಪ್ರಶ್ನೆ ಇವೆ."

"ಕೇಳ್ಕೋ. ಅರವತ್ನಾಲ್ಕು." ಅದು ಬಾಯಿಪಾಠವಾಗಿತ್ತು ಅವಳಿಗೆ, ಇಪ್ಪತ್ನಾಲ್ಕು ವರ್ಷದಿಂದಲೂ. "ಹೃದಯ ನಿಮಿಷಕ್ಕೆ ಎಷ್ಟು ಸಲ ಬಡಿಯುತ್ತೆ?"

"ಎಪ್ಪತ್ತೆರಡು. ಸರಿನಾ? ಕೀ ನೋಡಿ ಹೇಳು."

"ಕೀ ಇಲ್ಲ, ಅಲ್ಲೇ ಬಿಟ್ಟು ಬಂದೆ. ಮುಟ್ಟಿ ಎಣಿಸು."

ಹುಡುಗಿ ಎದ್ದು ಬಂದು ತನ್ನ ಕೈ ಹಿಡಿದುಕೊಳ್ಳದೆ ಅಮ್ಮನ ಮಣಿಕಟ್ಟು ಹಿಡಿದಳು. ಎದುರಿನ ಗೋಡೆ ಗಡಿಯಾರ ನೋಡುತ್ತ, ತುಟಿ ಅಲುಗಿಸುತ್ತ ಒಂದು ಪೂರ್ತಿ ನಿಮಿಷ ಎಣಿಸಿದಳು. ಗಿರಾಕಿಗಳು ಕಾದರು.

"ನೂರಾ ಹದಿನೆಂಟು" ಅಂದಳು ಮಗಳು. "ಏನು ಬರೀಲಿ?"

"ನಿನ್ನ ಬೆರಳಿಗೆ ಏನು ಗೊತ್ತಾಯ್ತೋ ಅದನ್ನ ಬರಿ" ಅಂದಳು ಅಂಗಡಿಯಕ್ಕ.